ತುಟಿಯ ಬಣ್ಣವನ್ನು ನಿಲ್ಲಿಸಿದಾಕೆ



ಮದುವೆಮನೆಯಲ್ಲಿ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡವರ ತುಟಿ ಎಷ್ಟು ಹೊತ್ತು ಕೆಂಪಗಿರುತ್ತದೆ ನೋಡಿ. ನೀರು ಕುಡಿದರೂ ಆ ಕೆಂಪು ಪೂರ್ತಿ ಹೋಗುವುದಿಲ್ಲ. ಅದೇ ಊಟಕ್ಕೆ ಮೊದಲು ಹಚ್ಚಿಕೊಂಡ ಲಿಪ್‌ಸ್ಟಿಕ್ ಮಾತ್ರ ಪಾಯಸ ಬರುವ ಹೊತ್ತಿಗೆ ಅರ್ಧ ಕರಗಿ, ಇನ್ನರ್ಧ ಲೋಟದ ಅಂಚಿಗೆ ಹತ್ತಿರುತ್ತದೆ. ಏಕೆ ಹೀಗೆ? ಅಡಿಕೆಯ ಒಗರಿನ ಅಂಶ ಸುಣ್ಣದೊಡನೆ ಸೇರಿ ಕೆಂಪಾಗಿ ಚರ್ಮಕ್ಕೇ ಕಲೆಯಾಗಿ ಹಿಡಿಯುತ್ತದೆ. ಸಾಮಾನ್ಯ ಲಿಪ್‌ಸ್ಟಿಕ್‌ನಲ್ಲಿ ಬಣ್ಣದ ಪುಡಿ ಮೇಣ ಮತ್ತು ಎಣ್ಣೆಯಲ್ಲಿ ಬೆರೆತಿರುತ್ತದೆ. ಅದು ತುಟಿಯ ಮೇಲೆ ಬರೀ ಹೊದಿಕೆ. ಉಜ್ಜಿದರೆ, ಜಿಡ್ಡು ತಾಗಿದರೆ ಹೊದಿಕೆ ಸರಿಯುತ್ತದೆ.

ಈ ಹೊದಿಕೆಗೆ ಕಲೆಯ ಗುಣ ಕೊಡುವ ಪ್ರಯತ್ನ 20ನೇ ಶತಮಾನದ ಮೊದಲ ಭಾಗದಲ್ಲೇ ನಡೆದಿತ್ತು. ಬ್ರೋಮೋ ಆಮ್ಲಗಳೆಂಬ ಬಣ್ಣಗಳು ಚರ್ಮದ ಪ್ರೋಟೀನಿನೊಡನೆ ಅಂಟಿಕೊಳ್ಳುತ್ತವೆ ಎಂಬುದು ತಿಳಿದಿತ್ತು. ಆದರೆ ಅಂಥ ಲಿಪ್‌ಸ್ಟಿಕ್‌ಗಳು ತುಟಿಯನ್ನು ಒಣಗಿಸಿ ಉರಿ ತರುತ್ತಿದ್ದವು.

ಈ ತೊಡಕನ್ನು ಬಿಡಿಸಲು ಹೊರಟವರು ಅಮೆರಿಕದ ರಸಾಯನ ವಿಜ್ಞಾನಿ ಹೇಜಲ್ ಬಿಷಪ್. 1906ರಲ್ಲಿ ಹುಟ್ಟಿದ ಅವರು ವೈದ್ಯೆಯಾಗಬೇಕೆಂದಿದ್ದರು. 1929ರಲ್ಲಿ ಪದವಿ ಬಂತು. ಅದೇ ವರ್ಷ ಆರ್ಥಿಕ ಕುಸಿತವೂ ಬಂತು, ಓದು ನಿಂತಿತು. ಚರ್ಮರೋಗ ತಜ್ಞರೊಬ್ಬರ ಪ್ರಯೋಗಾಲಯದಲ್ಲಿ ದುಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಯಂ ಕಂಪನಿಯಲ್ಲಿ ವಿಮಾನದ ಇಂಧನದ ಬಗ್ಗೆ ಸಂಶೋಧನೆ ಮಾಡಿದರು. ಬಿಡುವಿನ ವೇಳೆಯಲ್ಲಿ ತಮ್ಮ ಮನೆಯ ಅಡಿಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು, 300ಕ್ಕೂ ಹೆಚ್ಚು ಸಲ ಪಾಕ ಬದಲಿಸಿ ನೋಡಿದರು. ಕೊನೆಗೆ, ಹಿಡಿದು ನಿಲ್ಲುವ, ಆದರೆ ತುಟಿಯನ್ನು ನೋಯಿಸದ ಹದ ಸಿಕ್ಕಿತು.

1950ರ ಬೇಸಿಗೆಯಲ್ಲಿ ಅದು ನ್ಯೂಯಾರ್ಕಿನ ಲಾರ್ಡ್ ಅಂಡ್ ಟೇಲರ್ ಮಳಿಗೆಗೆ ಬಂತು. ಬೆಲೆ 1 ಡಾಲರ್. ದಾಸ್ತಾನೆಲ್ಲ ಮೊದಲ ದಿನವೇ ಖಾಲಿ! 1953ರ ಹೊತ್ತಿಗೆ ಕಂಪನಿಯ ವಾರ್ಷಿಕ ಮಾರಾಟ ಸುಮಾರು 1 ಕೋಟಿ ಡಾಲರ್ ಮುಟ್ಟಿತು.

ಆದರೆ ಅಷ್ಟರಲ್ಲಿ ಬಿಷಪ್ ಅಲ್ಲಿರಲಿಲ್ಲ. ಜಾಹೀರಾತು ನೋಡಿಕೊಳ್ಳಲು ಬಂದ ರೇಮಂಡ್ ಸ್ಪೆಕ್ಟರ್ ಕೈಗೆ ಬಹುಪಾಲು ಷೇರು ಹೋಗಿತ್ತು. ಮನಸ್ತಾಪ ಬೆಳೆದು 1951ರಲ್ಲಿ ಅವರು ಹೊರಬಿದ್ದರು. ವಿಷಯ ನ್ಯಾಯಾಲಯಕ್ಕೆ ಹೋಯಿತು. 1954ರ ಒಪ್ಪಂದದಂತೆ ಅವರಿಗೆ ಹಣ ಸಿಕ್ಕಿತು. ಆದರೆ ತಮ್ಮದೇ ಹೆಸರಿನಲ್ಲಿ ಸೌಂದರ್ಯ ಸಾಧನ ಮಾರುವ ಹಕ್ಕು ಹೋಯಿತು. ಬಿಷಪ್ ಕೈಕಟ್ಟಿ ಕೂರಲಿಲ್ಲ. ಮುಂದೆ ಷೇರುಪೇಟೆಯಲ್ಲಿ ದಲ್ಲಾಳಿಯಾದರು. 1978ರಿಂದ ನ್ಯೂಯಾರ್ಕಿನ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಪಾಠ ಹೇಳಿದರು. 1998ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಂದಿನ ಬಹುಕಾಲ ನಿಲ್ಲುವ ದ್ರವರೂಪದ ಲಿಪ್‌ಸ್ಟಿಕ್‌ಗಳದು ಬೇರೆ ಉಪಾಯ. ಅವುಗಳಲ್ಲಿರುವ ಬೇಗ ಆರುವ ದ್ರವ ಗಾಳಿಗೆ ಹೋಗಿ, ಬಣ್ಣ ತೆಳುವಾದ ಪೊರೆಯಾಗಿ ಕೂರುತ್ತದೆ. ಆರುವ ತನಕ ತುಟಿಗೆ ತುಟಿ ಒತ್ತಬಾರದು ಎನ್ನುವುದು ಅದಕ್ಕೇ. ಎಣ್ಣೆ ತಿಂಡಿಗೆ ಈ ಪೊರೆಯೂ ಸಡಿಲವಾಗುತ್ತದೆ. ರಾತ್ರಿ ಬಿಡಿಸಲೂ ಎಣ್ಣೆಯೇ ಸಾಧನ.

ಸಾಮಾನ್ಯ ಲಿಪ್‌ಸ್ಟಿಕ್ಕನ್ನೂ ಹೆಚ್ಚು ಹೊತ್ತು ನಿಲ್ಲಿಸಬಹುದು. ಮೊದಲು ತುಟಿಯ ಒಣ ಸಿಪ್ಪೆಯನ್ನು ಒದ್ದೆಬಟ್ಟೆಯಿಂದ ಮೆಲ್ಲಗೆ ಒರೆಸಿ ತೆಗೆಯಬೇಕು. ಜಿಡ್ಡಿದ್ದರೆ ಒತ್ತಿ ತೆಗೆದು, ಪೆನ್ಸಿಲ್ಲಿನಿಂದ ಅಂಚು ಬರೆದು, ಒಳಗೂ ಅದನ್ನೇ ತೆಳ್ಳಗೆ ತುಂಬಬೇಕು. ಮೇಲೆ ಬಣ್ಣ ಒಂದು ಪದರ. ತೆಳುಕಾಗದ ಒತ್ತಿದರೆ ಹೆಚ್ಚಿನ ಎಣ್ಣೆ ಕಾಗದಕ್ಕೆ ಹೋಗಿ ಬಣ್ಣ ತುಟಿಯಲ್ಲಿ ನಿಲ್ಲುತ್ತದೆ. ಚಿಟಿಕೆ ಪೌಡರ್ ಸವರಿ ಮತ್ತೊಂದು ತೆಳು ಪದರ ಹಚ್ಚಿದರೆ ಸಾಕು. ದಪ್ಪ ಹಚ್ಚಿದಷ್ಟೂ ಬೇಗ ಜಾರುತ್ತದೆ.

ಊಟವಾದ ಮೇಲೂ ಲೋಟದ ಅಂಚು ಶುಭ್ರವಾಗಿ ಉಳಿದರೆ, ಅಡಿಗೆಮನೆಯಲ್ಲಿ ನಡೆದ ಆ 300 ಪ್ರಯೋಗಗಳನ್ನು ಒಮ್ಮೆ ನೆನೆಯಬಹುದು. ತನ್ನ ಹೆಸರಿನ ಮೇಲಿನ ಹಕ್ಕನ್ನೇ ಬಿಟ್ಟುಕೊಡಬೇಕಾಗಿ ಬಂದ ಆ ವಿಜ್ಞಾನಿಯನ್ನು ಹೆಸರು ಹಿಡಿದೇ ನೆನೆಯುವುದು ನ್ಯಾಯ.