ಕೆಲವು ಕಿಲೋ ವ್ಯತ್ಯಾಸ

ಪುಣೆಯಲ್ಲಿ ಕೂತು ಕೋಡ್ ಬರೆಯೋ ನಮ್ಮಂಥವರಿಗೆ ಇವತ್ತು ಸ್ವಲ್ಪ ಅಂಟಂಟಾದ ವಿಷಯ.

ಭೋಸರಿಯಲ್ಲಿ ಗಾಜಿನ ಅಂಚಿಗೆ ಹಚ್ಚುವ ಸಿಲಿಕೋನ್ ಸೀಲಂಟ್ ಮಾಡುವ ಒಂದು ಕಾರ್ಖಾನೆಗೆ ಬ್ಯಾಚ್ ಲೆಕ್ಕದ ಸಾಫ್ಟ್‌ವೇರ್ ಬರೀತಿದ್ದೆ. ಮಿಕ್ಸರ್‌ಗೆ ಹಾಕಿದ್ದಕ್ಕೂ ಹೊರಗೆ ಬಂದದ್ದಕ್ಕೂ ಪ್ರತಿಸಲ ಕೆಲವು ಕಿಲೋ ವ್ಯತ್ಯಾಸ. ತಕ್ಕಡಿ ಸೆನ್ಸರ್ ತಪ್ಪು ಅಂತ ಬರೆದು ಟಿಕೆಟ್ ಮುಚ್ಚಿಬಿಟ್ಟೆ.

ಅಲ್ಲಿನ ಹಿರಿಯ ಆಪರೇಟರ್ ವಿಜಯಪುರ ಕಡೆಯವರು. ಎಲ್ಲರಿಗೂ ಕಾಕಾ. "ತಮ್ಮಾ, ಒಮ್ಮೆ ಒಳಗ ಬಗ್ಗಿ ನೋಡು, ಆಮ್ಯಾಲ ಲೆಕ್ಕ ಹೇಳು" ಅಂದ್ರು.

ನೋಡಿದೆ. ದೋಸೆ ಹಿಟ್ಟಾದರೆ ಜಾರುತ್ತೆ, ಇದು ಪಾತ್ರೆ ಬೋರಲು ಹಾಕಿದ್ರೂ ಬೀಳಲ್ಲ. ಒಂದು ಮೀಟರ್ ಅಗಲ, 80 ಸೆಂ.ಮೀ. ಆಳದ ಪಾತ್ರೆ. ಗೋಡೆಗೆ 3 ಮಿ.ಮೀ. ಅಂಟಿದರೂ ಏಳೂವರೆ ಲೀಟರ್! ಅದನ್ನ ಕಾಕಾ ಸೊಂಟದವರೆಗೆ ಒಳಗೆ ಬಗ್ಗಿ, ಉದ್ದನೆ ಕೆರೆಯುವ ಪಟ್ಟಿಯಿಂದ ತೆಗೀತಿದ್ರು. ನನ್ನ 'ಸೆನ್ಸರ್ ತಪ್ಪು' ಅವರ ಬೆನ್ನುನೋವು.

ಮುಂದೆ ಡಿಸ್ಚಾರ್ಜ್ ಪ್ರೆಸ್ ಬಂತು. ನಮ್ಮ ಚಕ್ಕುಲಿ ಒರಳೇ, ಆದ್ರೆ ಹೈಡ್ರಾಲಿಕ್. ಪಾತ್ರೆಯನ್ನು ಮಿಕ್ಸರ್‌ನಿಂದ ಬಿಡಿಸಿ ಪ್ರೆಸ್ ಕೆಳಗೆ ತಳ್ಳಬೇಕು. ಅಂಚಿಗೆ ರಬ್ಬರ್ ಸೀಲ್ ಇರುವ ತಟ್ಟೆ ಇಳಿಯುತ್ತಾ ಗೋಡೆಯನ್ನೂ ಒರೆಸುತ್ತೆ, ಮಾಲು ತಳದ ವಾಲ್ವ್‌ನಿಂದ ಹೊರಗೆ. ಮೊದಲು ತಟ್ಟೆಯಲ್ಲಿರುವ ಗಾಳಿಕಿಂಡಿ ತೆರೆದಿರಬೇಕು. ಅಲ್ಲಿ ಮಾಲು ಇಣುಕಿದ ಮೇಲೆ ಮುಚ್ಚೋದು. ಇಲ್ಲಾಂದ್ರೆ ವ್ಯಾಕ್ಯೂಮ್‌ನಲ್ಲಿ ಕಷ್ಟಪಟ್ಟು ತೆಗೆದ ಗಾಳಿ ಮತ್ತೆ ಟ್ಯೂಬಿನೊಳಗೆ ಗುಳ್ಳೆಯಾಗಿ ಸೇರುತ್ತೆ.

ಇಲ್ಲೇ ನಾನು ಎಡವಿದ್ದು. ನನ್ನ ಸ್ಕ್ರೀನಿನಲ್ಲೇ ಸ್ಟಾರ್ಟ್ ಬಟನ್ ಇಟ್ಟಿದ್ದೆ, ಪಾತ್ರೆ ಬಂದಿದೆಯಾ ಅಂತ ನೋಡೋಕೆ ಒಂದೇ ಸೆನ್ಸರ್. ಡೆಮೋಗೆ ಸಾಕು ಅನ್ನಿಸಿತ್ತು. ಒಂದು ದಿನ ಪಾತ್ರೆ ನಾಲ್ಕು ಬೆರಳು ಪಕ್ಕಕ್ಕಿತ್ತು, ಸೆನ್ಸರ್ 'ಬಂದಿದೆ' ಅಂತು. ಪಾತ್ರೆ ಸರಿಮಾಡೋಕೆ ಹೋದ ಹುಡುಗನ ಕೈ ಅಂಚಿನ ಮೇಲೆ, ತಟ್ಟೆ ಇಳೀತಾ ಇದೆ. ಕಾಕಾ ಕೆಂಪು ಬಟನ್ ಗುದ್ದಿದ್ರು.

ಆ ರಾತ್ರಿ ಲೆಕ್ಕ ಹಾಕಿದೆ. ಒಂದು ಮೀಟರ್ ತಟ್ಟೆ, 5 ಬಾರ್ ಒತ್ತಡ ಅಂದ್ರೆ ಸುಮಾರು 40 ಟನ್. ಎಂಟೆಕ್ ಮಾಡಿದವನಿಗೆ ಎರಡು ಸಾಲಿನ ಲೆಕ್ಕ, ಮೊದಲೇ ಮಾಡಿರಲಿಲ್ಲ.

ಸ್ಕ್ರೀನಿನ ಸ್ಟಾರ್ಟ್ ಬಟನ್ ತೆಗೆದುಹಾಕಿದೆ. ಈಗ ಪಾತ್ರೆ ಕ್ಲಾಂಪ್ ಆಗಿ ಎರಡು ಸೆನ್ಸರ್ ಒಪ್ಪಬೇಕು, ಆಪರೇಟರ್ ಎರಡೂ ಕೈಯಲ್ಲಿ ಎರಡು ಬಟನ್ ಒತ್ತಿ ಹಿಡಿದಿರಬೇಕು. ಇದೆಲ್ಲ ಸೇಫ್ಟಿ ರಿಲೇಗೆ ನೇರ ವೈರಿಂಗ್. ನನ್ನ ಪ್ರೋಗ್ರಾಂ ಕೆಟ್ಟರೂ ಪ್ರೆಸ್ ನಿಲ್ಲುತ್ತೆ.

ವಾಲ್ವ್ ಬಾಯಲ್ಲಿ ಈಗಲೂ ಒಂದಿಷ್ಟು ಉಳಿಯುತ್ತೆ. ಅದಕ್ಕೆ ಲೆಕ್ಕದಲ್ಲಿ 'ಪಾತ್ರೆಯಲ್ಲಿ ಉಳಿದದ್ದು' ಅಂತ ಒಂದು ಕಾಲಂ ಇದೆ. ತುಂಬೋದು ಕಾಕಾ.