ಭೋಗದ ಸುಖ, ಪ್ರಸಾದದ ಆನಂದ



ಸುಖವನ್ನು ಬಯಸದ ಜೀವಿಯಿಲ್ಲ. ಹಸಿದವನಿಗೆ ಅನ್ನವು ಸುಖ, ದಣಿದವನಿಗೆ ನಿದ್ರೆಯು ಸುಖ. ಆದರೆ ಮೊದಲನೆಯ ತುತ್ತಿನ ರುಚಿಯು ಹತ್ತನೆಯ ತುತ್ತಿಗಿಲ್ಲ. ಹೊಟ್ಟೆ ತುಂಬಿದ ಮೇಲೆ ಅದೇ ಮೃಷ್ಟಾನ್ನವು ಬೇಡವೆನಿಸುವುದು. ಸುಖವು ಅನ್ನದಲ್ಲಿಯೇ ನೆಲೆಸಿದ್ದರೆ ಹೀಗಾಗಬಾರದಷ್ಟೆ. ವಸ್ತುವಿನಿಂದ ಬಂದ ಸುಖವು ವಸ್ತುವಿನೊಡನೆಯೇ ಹೋಗುವುದು. ಹೋಗುವಾಗ ಮತ್ತೊಂದು ಬಯಕೆಯನ್ನು ಬಿತ್ತಿ ಹೋಗುವುದು. ಹಾಗಾದರೆ ಅಳಿಯದ ಆನಂದವಾವುದು? ಅದನ್ನು ಹಿಡಿ ಅಕ್ಕಿಯಿಂದಲೇ ತೋರಿಸಿಕೊಟ್ಟ ತಾಯಿಯೊಬ್ಬಳು ಕನ್ನಡನಾಡಿನಲ್ಲಿ ಬಾಳಿದಳು.

12ನೆಯ ಶತಮಾನದಲ್ಲಿ, ಇಂದು ರಾಯಚೂರು ಜಿಲ್ಲೆಗೆ ಸೇರಿರುವ ಅಮರೇಶ್ವರದಿಂದ ಮಾರಯ್ಯ, ಲಕ್ಕಮ್ಮ ಎಂಬ ಶರಣದಂಪತಿಗಳು ಕಲ್ಯಾಣಕ್ಕೆ ಬಂದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆದುದರಿಂದಲೇ ಅವರಿಗೆ ‘ಆಯ್ದಕ್ಕಿ’ ಎಂಬ ಹೆಸರು. ಲಕ್ಕಮ್ಮನು ಅದನ್ನು ಅಟ್ಟು ಜಂಗಮಕ್ಕೆ ನೀಡುವಳು. ಉಳಿದುದು ಇಬ್ಬರಿಗೂ ಪ್ರಸಾದ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ. ಶರಣರ ಮನೆಗೆ ಆಸೆಯು ಹೊಕ್ಕಿತೆಂದು ನೊಂದು, ಹೆಚ್ಚಾದುದನ್ನು ಆಯ್ದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿದಳು. ಈ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ನಿರೂಪಿಸಿದೆ.

ಒಂದು ಹಿಡಿ ಹೆಚ್ಚಾದರೆ ಕೇಡೇನು ಎಂದು ಲೋಕವು ಕೇಳಬಹುದು. ಕಳವಲ್ಲ, ಸುಳ್ಳಲ್ಲ, ನಾಳೆಗೊಂದು ನೆರವು. ಆದರೆ ಇಂದಿನ ಹೆಚ್ಚಳವು ನಾಳೆ ಅಗತ್ಯವಾಗುವುದು. ನಾಡಿದ್ದು ಅದೂ ಸಾಲದಾಗುವುದು. ಆಯುವ ಕೈಯು ಆಗ ಕಾಯಕವನ್ನು ಮರೆತು ಕೂಡಿಡುವುದನ್ನೇ ಕಲಿಯುವುದು. ಲಕ್ಕಮ್ಮನು ಹಸಿವನ್ನು ಹೊಗಳಿದವಳಲ್ಲ. ನಿತ್ಯವೂ ಅಟ್ಟಳು, ನೀಡಿದಳು, ಉಂಡಳು. ಅವಳು ತೊರೆದುದು ಅನ್ನವನ್ನಲ್ಲ, ಸಾಲದೆಂಬ ಅಳಲನ್ನು.

ಅಕ್ಕಿಯೊಂದೇ, ಭಾವವೆರಡು. ತನಗೆಂದು ಕೂಡಿಟ್ಟು ಉಂಡರೆ ಭೋಗ. ಅರ್ಪಿಸಿ ಉಂಡರೆ ಪ್ರಸಾದ. ಭೋಗವು ನಾಲಗೆಯಲ್ಲಿ ಮುಗಿಯುವುದು. ಪ್ರಸಾದವು ಮನದಲ್ಲಿ ನಿಲ್ಲುವುದು. ಷಟ್‌ಸ್ಥಲದಲ್ಲಿ ಭಕ್ತ, ಮಹೇಶರ ತರುವಾಯ ಪ್ರಸಾದಿಸ್ಥಲವು ಬರುವುದು. ಅಲ್ಲಿಂದ ಪ್ರಾಣಲಿಂಗಿ, ಶರಣ, ಐಕ್ಯಗಳತ್ತ ದಾರಿಯು ಸಾಗುವುದು. ಐಕ್ಯದ ಆನಂದವು ದೂರದ್ದೆಂದು ಯಾರೂ ಎದೆಗುಂದಬೇಕಾಗಿಲ್ಲ. ಅದರ ಬೀಜವು ಉಣ್ಣುವ ಎಡೆಯಲ್ಲಿಯೇ ಇರುವುದು.

ಇಂದಿನ ಮಹೋತ್ಸವದ ದಾಸೋಹವೂ ಇದನ್ನೇ ಸಾರುವುದು. ಮೊದಲ ಪಂಕ್ತಿಗೆ ನುಗ್ಗಿ ಉಂಡವನ ಸುಖವು ಎಲೆಯೆತ್ತುವಷ್ಟರಲ್ಲಿ ತೀರುವುದು. ಎಲ್ಲರಿಗೂ ಬಡಿಸಿ, ಎಲ್ಲರೂ ತಣಿದರೆಂದು ಕಂಡು, ಕಡೆಯ ಪಂಕ್ತಿಯಲ್ಲಿ ಕುಳಿತವನ ಎಲೆಯಲ್ಲಿ ಭಕ್ಷ್ಯಗಳು ಕಡಮೆಯಿರಬಹುದು. ಅವನ ತೃಪ್ತಿಗೆ ಕಡಮೆಯಿಲ್ಲ. ಚಪ್ಪರವನ್ನು ಬಿಚ್ಚಿದ ಮೇಲೆಯೂ ಮನೆಗೆ ಕೊಂಡೊಯ್ಯತಕ್ಕ ಪ್ರಸಾದವು ಅದೇ.