ಆತ್ಮರಕ್ಷಣೆಗೂ ಹದ್ದಿದೆ

ಸಹೋದರರೇ, ಜೀವ ಅಲ್ಲಾಹನು ಕೊಟ್ಟ ಅಮಾನತು. ಅದನ್ನು ಕಾಪಾಡಿಕೊಳ್ಳುವುದು ನಮ್ಮ ಕರ್ತವ್ಯ. ಆದರೆ ಆಗಲೂ ಹದ್ದು ಮೀರಬಾರದೆಂದು ಸೂರಃ ಅಲ್ ಬಕರದ 190ನೇ ವಚನ ಎಚ್ಚರಿಸುತ್ತದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳೂ ಈ ಹಕ್ಕನ್ನು ಮಿತಿಯೊಡನೆಯೇ ಕೊಡುತ್ತವೆ.

ಕಮಲಾಪುರದ ಹೊಲದಲ್ಲಾಗಲಿ, ಕಲಬುರಗಿಯ ಗಲ್ಲಿಯಲ್ಲಾಗಲಿ, ಯಾರಾದರೂ ಕೊಡಲಿ ಎತ್ತಿ ಬಂದರೆ ತಡೆಯಬಹುದು. ಬೇರೆ ದಾರಿಯಿಲ್ಲದಿದ್ದರೆ ಹೊಡೆಯಲೂಬಹುದು. ಮೊದಲ ಏಟು ಬೀಳುವವರೆಗೆ ಕಾಯಬೇಕಿಲ್ಲ. ಆದರೆ ಅವನು ಕೊಡಲಿ ಬಿಸಾಕಿ ಓಡಿದ ಮೇಲೆ ಬೆನ್ನಟ್ಟಿ ಹೊಡೆದರೆ ಅದು ರಕ್ಷಣೆಯಲ್ಲ, ಸೇಡು. ಬದು ಒತ್ತಿದ ಹಳೆಯ ತಂಟೆಗೆ ಪೊಲೀಸರ ಬಳಿ ಹೋಗಲು ಸಮಯವಿದ್ದರೆ ಕೈ ಎತ್ತುವ ಹಕ್ಕೇ ಇಲ್ಲ. ಆತ್ಮರಕ್ಷಣೆಗಾಗಿ ಹೊಡೆದೆ ಎಂದು ಕೋರ್ಟಿನಲ್ಲಿ ತೋರಿಸಿಕೊಡುವ ಹೊಣೆಯೂ ಹೊಡೆದವನದೇ.

ನಮ್ಮ ಮಕ್ಕಳಿಗೆ ಇದನ್ನು ತಿಳಿಸೋಣ: ಅಪಾಯ ಮುಗಿದಲ್ಲಿಗೆ ಹಕ್ಕೂ ಮುಗಿಯಿತು. ಆಮೇಲೆ 112ಕ್ಕೆ ಕರೆ ಮಾಡೋಣ. ಕೋಪ ನುಂಗುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.